ಚಿನ್ನದಂಥ ರಾಗಿ

ಎಲೆಕ್ಟ್ರಾನ್ ಮೈಕ್ರೋಸ್ಕೋಪಿನ ಮುಂದೆ ಕಣ್ಣು ಉರಿಯುವವರೆಗೆ ಕೂತು ರಶ್ಮಿತಾ ತೆಗೆದ ಚಿನ್ನದ ನ್ಯಾನೊಕಣಗಳ ಚಿತ್ರಗಳೆಲ್ಲ ಅವಳ ಪಿಎಚ್‌ಡಿ ಗೈಡ್ ಹೆಸರಿನಲ್ಲೇ ಅಚ್ಚಾಗುತ್ತಿದ್ದವು. "ಇರಲಿ, ಮಾಡ್ತೀನಿ" ಎಂದು ಹಲ್ಲು ಕಚ್ಚಿದವಳು, ಗಾಜಿನ ಮೇಲೆ ರಾಗಿ ಚೆಲ್ಲಿ, ಅಡಿಯಿಂದ ಬೆಳಕು ಬಿಟ್ಟು, ನ್ಯಾನೊಕಣಗಳಂತೆಯೇ ಕಪ್ಪು ಚುಕ್ಕೆಗಳಾಗಿ ಕಾಣುವಂತೆ ಫೋಟೊ ಹೊಡೆದು, ಮೂಲೆಯಲ್ಲಿ 'ಇಪ್ಪತ್ತು ನ್ಯಾನೊಮೀಟರ್' ಎಂದು ಅಳತೆಯ ಗೆರೆ ಎಳೆದು ಕೊಟ್ಟಳು.

"ಎಲ್ಲಾ ಒಂದೇ ಸೈಜು! ಭೇಷ್ ಕಣಮ್ಮಾ," ಎಂದರು ಗೈಡ್.

ಗೈಡ್ ಉಪನ್ಯಾಸ ಕೊಡುತ್ತಿದ್ದ ಸಮ್ಮೇಳನದ ಪರದೆಯ ಮೇಲೆ ರಾಗಿ ಮೂಡಿತು. ಅವರ ಮಾನ ಹರಾಜಾಗುವುದನ್ನು ಕಣ್ತುಂಬ ನೋಡಲೆಂದೇ ಅವಳು ಮುಂದಿನ ಸಾಲಿನಲ್ಲಿ ಕೂತಿದ್ದಳು. ಹಿರಿಯ ವಿಜ್ಞಾನಿಯೊಬ್ಬರು ಎದ್ದರು.

"ಇದು ರಾಗಿ ಅಲ್ವೇನ್ರೀ?"

ಸಭೆ ಗೊಳ್ಳೆಂದಿತು. ಗೈಡ್ ಕೂಡ ನಕ್ಕರು.

"ನನ್ನನ್ಯಾಕೆ ಕೇಳ್ತೀರಾ ಸಾರ್? ತೆಗೆದದ್ದು ರಶ್ಮಿತಾ. ಈ ಸಲ ಚಿತ್ರದ ಕೆಳಗೆ ಅವಳ ಹೆಸರೇ ಹಾಕಿದೀನಿ, ನೋಡಿ."