ಪಟದ ಹಿಂದಿನ ಕಸ

ಹೋದ ವಾರ ಮ್ಯೂಸಿಯಂಗೆ ಬಂದ ಮಕ್ಕಳು ಆಕಳಿಸಿಕೊಂಡೇ ಹೋಗಿದ್ದರು. ಇವತ್ತಿನವರ ಕರುಳಾದರೂ ಗುಬ್ಬಚ್ಚಿಗಾಗಿ ಚುರ್ರೆನ್ನಲೇಬೇಕೆಂದು ಹಟ ತೊಟ್ಟ ಮ್ಯೂಸಿಯಂ ಗೈಡ್ ಅಂಬುಜಾಕ್ಷಿ ಮೇಡಂ, ಗೋಡೆಯಿಂದ ಮುಂದಕ್ಕೆ ಬಾಗಿ ತೂಗುತ್ತಿದ್ದ ಹಳೇ ಗುಬ್ಬಚ್ಚಿ ಚಿತ್ರದ ಮುಂದೆ ನಿಂತು ಗಂಟಲು ಗದ್ಗದ ಮಾಡಿಕೊಂಡರು.

"ನೋಡ್ರಪ್ಪಾ, ನಮ್ಮ ಹಿರಿಯರು ಗೂಡು ಮುಟ್ತಾನೇ ಇರ್ಲಿಲ್ಲ. ನಾವು ಓಡಿಸಿಬಿಟ್ವಿ. ಈಗ ಚಿತ್ರದಲ್ಲಿ ಮಾತ್ರ ಉಳ್ಕೊಂಡಿವೆ."

ಹುಡುಗಿಯೊಬ್ಬಳ ಕಣ್ಣು ತುಂಬಿತು. ಮೇಡಂ ಒಳಗೊಳಗೇ ಹಿಗ್ಗಿದರು.

"ಎಲ್ಲಿ ಗೂಡು ಕಟ್ತಿದ್ವು ಮಿಸ್?"

"ಇಂಥ ಪಟಗಳ ಹಿಂದೇನೇ ಪುಟ್ಟಿ."

ಮಕ್ಕಳೆಲ್ಲ ಗೋಡೆಗೆ ಕೆನ್ನೆ ಒತ್ತಿ ಚಿತ್ರದ ಹಿಂದೆ ಇಣುಕಿದರು.

ಕಸ ಗುಡಿಸುವ ಚೆಲುವಯ್ಯ ಪೊರಕೆ ಹಿಡಿದೇ ಓಡಿ ಬಂದ. "ಅಲ್ಲೇನೂ ಇಲ್ಲ ಕಣ್ರಪ್ಪಾ. ಮಕ್ಕಳು ಬತ್ತಾರೆ, ಪಟದ ಹಿಂದಿನ ಕಸ ತೆಗಿ ಅಂದ್ರಲ್ಲ ಮೇಡಮ್ಮೋರು, ಬೆಳಗ್ಗೇನೇ ಗೂಡೆಲ್ಲ ಕಿತ್ತು ಬಿಸಾಕಿವ್ನಿ."