ಊರು ಬಿಡಿಸಿದ ಕಾಗದ

ಎಲ್ಡನ್ ಸತ್ತು ಎರಡು ತಿಂಗಳಾಗಿತ್ತು, ಹೂಳೋದು ಮಾತ್ರ ಬಾಕಿ ಇತ್ತು. ಮ್ಯಾಸಚೂಸೆಟ್ಸಿನ ಚಳಿಗೆ ನೆಲ ಕಲ್ಲಾಗಿತ್ತು. ಊರಿನ ಹಳೇ ಸ್ಮಶಾನದೊಳಗೆ ಯಂತ್ರ ತರೋ ಹಾಗಿಲ್ಲ. ಅದಕ್ಕೇ ಪೆಟ್ಟಿಗೆ ಗುಡ್ಡದ ಕಲ್ಲುಕೋಣೆಯಲ್ಲಿ ಸರತಿ ಕಾಯ್ತಿತ್ತು. ಸತ್ತಮೇಲೂ ಕ್ಯೂ ತಪ್ಪಲಿಲ್ಲ.

ಹಿಮ ಕರಗೋದರೊಳಗೆ ತಂಗಿ ವಿನಿಫ್ರೆಡ್ ಒಂದು ಕೆಲಸ ಮುಗಿಸಬೇಕಿತ್ತು. ಆ ಸ್ಮಶಾನದಲ್ಲಿ ಜಾಗ ಸಿಗೋದು, ಇಂಗ್ಲೆಂಡಿನಿಂದ ಬಂದು ಹಡಗಿಳಿದು ಈ ಊರು ಕಟ್ಟಿದ ಎಲ್ಕಾನಾ ಥರ್ಲೋನ ವಂಶದವರಿಗೆ ಮಾತ್ರ. "ನಾನು ಅಲ್ಲೇ ಮಲಗ್ಬೇಕು ಕಣೇ" ಅಂತ ಅಣ್ಣ ಕೈ ಹಿಡಿದು ಮಾತು ತಗೊಂಡಿದ್ದ. ವಂಶವೃಕ್ಷಕ್ಕೆ ಬೇರೂ ಇತ್ತು, ಎಲೆಯೂ ಇತ್ತು. ನಡುವಿನ ಒಂದು ಗೆಣ್ಣು ನಾಪತ್ತೆ. ಮೆಹಿಟಬೆಲ್ ಅಂತ ಒಬ್ಬ ಹೆಂಗಸು. ಅವಳು ಯಾರ ಮಗಳು ಅನ್ನೋದು ಚರ್ಚಿನ ಯಾವ ಪುಸ್ತಕದಲ್ಲೂ ಇರಲಿಲ್ಲ.

ಮಾರ್ಚ್ ಕೊನೆಗೆ ಒಂದಿನ, ಹಳೇ ಕಾಗದವೊಂದರ ನಕಲು ತಂದು ಸ್ಮಶಾನ ಸಮಿತಿಯ ಅಧ್ಯಕ್ಷ ಲೈಮನ್ ಥರ್ಲೋನ ಮೇಜಿನ ಮೇಲಿಟ್ಟಳು. ಇಬ್ಬರೂ ಒಂದೇ ಶಾಲೇಲಿ ಓದಿದವರು.

"ಸಿಕ್ಕಳು ನೋಡು. ಊರ ಕಚೇರಿ ಅಟ್ಟದ ಮೇಲಿದ್ದಳು."

ಲೈಮನ್ ಕನ್ನಡಕ ಏರಿಸಿದ. "'ಈ ಊರು ಕಟ್ಟಿದ ಎಲ್ಕಾನಾನ ಮಗ ಜೊನಾಥನ್, ಅವನ ಮಗಳು ಮೆಹಿಟಬೆಲ್...' ಭಲೇ ವಿನ್ನಿ! ಇನ್ನೇನು ಬೇಕು? ಆಸ್ತಿ ಪತ್ರಾನಾ ಇದು?"

"ಮುಂದೆ ಓದು."

ಓದಿದ. ಓದ್ತಾ ಓದ್ತಾ ದನಿ ಇಳೀತು. "'...ಬೇರೆ ಊರಿಂದ ಬಂದಿದ್ದಾಳೆ. ಕಂಕುಳಲ್ಲಿ ಕೂಸು, ಗಂಡ ಇಲ್ಲ. ಇವಳನ್ನ ಸಾಕೋ ಹೊರೆ ಊರಿಗೆ ಬೇಡ. ಹದಿನಾಲ್ಕು ದಿನದೊಳಗೆ ಊರು ಬಿಡತಕ್ಕದ್ದು. ಜನವರಿ ಒಂಬತ್ತು.'"

"ಹುಟ್ಟಿದಾಗ ಬರೀಲಿಲ್ಲ, ಸತ್ತಾಗ ಬರೀಲಿಲ್ಲ," ಅಂದಳು ವಿನಿಫ್ರೆಡ್. "ಆಚೆ ಅಟ್ಟೋವಾಗ ಮಾತ್ರ ಅಪ್ಪ, ತಾತ ಎಲ್ಲಾ ದುಂಡಗೆ ಬರೆದಿದಾರೆ. ರುಜು ನೋಡಿದ್ಯಾ?"

"ಎಬೆನೇಜರ್ ಥರ್ಲೋ."

"ಅವಳ ಸ್ವಂತ ದೊಡ್ಡಪ್ಪ. ನಿಮ್ಮ ಕವಲಿನ ಮೂಲಪುರುಷ."

ಲೈಮನ್ ಪೆನ್ನು ಅತ್ತಿತ್ತ ಸರಿಸಿದ. "ಹೇಗೋ ಕೂಸು ಬದುಕ್ಕೊಂಡಿದೆ ಬಿಡು. ಇಲ್ದಿದ್ರೆ ನೀನೆಲ್ಲಿರ್ತಿದ್ದೆ?"

"ತಾಯಿ?"

ಅದಕ್ಕೆ ಇಬ್ಬರ ಹತ್ರಾನೂ ಕಾಗದ ಇರಲಿಲ್ಲ.

"ಬೇರೆ ಪುರಾವೆ ಏನಾದ್ರೂ ಇದ್ಯಾ ವಿನ್ನಿ? ಇದನ್ನ ಫೈಲಲ್ಲಿ ಇಟ್ರೆ ಅಷ್ಟು ಚೆನ್ನಾಗಿ ಕಾಣಲ್ಲ."

"ಇರೋದು ಇದೊಂದೇ. ಒಪ್ಪಿದ್ರೆ ಒಪ್ಪು, ಇಲ್ಲ ನಮ್ಮಣ್ಣನ್ನೂ ಆಚೆ ಹಾಕು. ನಿಮ್ಮನೇಲಿ ರೂಢಿ ಇದ್ಯಲ್ಲ."

ಲೈಮನ್ ಮುದ್ರೆ ಒತ್ತಿದ. ಆಮೇಲೆ ನಕ್ಷೆ ಬಿಡಿಸಿ, ಬೆರಳಿಟ್ಟು, ತಲೆ ಎತ್ತದೆ ಹೇಳಿದ: "ಉಳಿದಿರೋ ಜಾಗ ಒಂದೇ. ಎಬೆನೇಜರ್ ಪಕ್ಕ."

ವಿನಿಫ್ರೆಡ್ ನಕ್ಷೆ ತನ್ನ ಕಡೆ ತಿರುಗಿಸಿಕೊಂಡಳು. ಕಿಟಕಿಯಾಚೆ ಹಿಮ ಕೆಸರಾಗ್ತಿತ್ತು. ಬೇಡ ಅಂದ್ರೆ ಅಣ್ಣನಿಗೆ ಕೊಟ್ಟ ಮಾತು ಹೋಗುತ್ತೆ. ಹ್ಞೂಂ ಅಂದ್ರೆ ಅವಳ ಬಾಯೇ ಕಹಿ.

"ಪಾಪ, ಅಣ್ಣನಿಗೆ ಇದೆಲ್ಲ ಗೊತ್ತಿಲ್ಲ," ಅಂದಳು ಕೊನೆಗೆ. "ಅಲ್ಲೇ ಅಗೆಸು."

ಏಪ್ರಿಲ್ ಎರಡನೇ ವಾರ ನೆಲ ಸಡಿಲವಾಯ್ತು. ಪೆಟ್ಟಿಗೆ ಇಳಿಸೋ ಮುಂಚೆ ಊರು ಕಟ್ಟಿದವನಿಂದ ಸತ್ತವನವರೆಗೆ ಎಲ್ಲ ಹೆಸರೂ ಓದೋದು ಅಲ್ಲಿಯ ಪದ್ಧತಿ. ಬಂದಿದ್ದ ಐದಾರು ಜನ ಟೋಪಿ ತೆಗೆದು ನಿಂತರು. ಲೈಮನ್ ಪಟ್ಟಿ ಹಿಡಿದ. ಎಲ್ಕಾನಾ ಅಂದಾಗ ಗಂಟಲು ಗುಡುಗಿತು, ಜೊನಾಥನ್ ಅಂದಾಗಲೂ ಗಟ್ಟಿಯಾಗೇ ಇತ್ತು. ಮೆಹಿಟಬೆಲ್ ಅನ್ನೋದು ಮಾತ್ರ ಕೆಮ್ಮಿನ ಹಾಗೆ ಮುದುಡಿ ಬಂತು.

"ಜೋರಾಗಿ ಓದು ಲೈಮನ್," ಅಂದಳು ವಿನಿಫ್ರೆಡ್, ಪಕ್ಕದಲ್ಲಿ ವಾಲಿ ನಿಂತ ಎಬೆನೇಜರ್ ಕಲ್ಲು ನೋಡ್ತಾ. "ನಿಮ್ಮಜ್ಜನಿಗೆ ಮೊದಲಿಂದ್ಲೂ ಕಿವಿ ಕೇಳಿಸಲ್ಲ."