ಬಾಯಿ ಕಟ್ಟುವ ಮಂತ್ರ

ಕೇತಮಲ್ಲ ಕೈಯೆತ್ತಿ ಮಂತ್ರ ಹೇಳಿದರೆ ಅಬ್ಬರಿಸುವ ರಾಕ್ಷಸರ ಬಾಯಿ ಕಟ್ಟಿಹೋಗುತ್ತಿತ್ತು. ಆ ವಿದ್ಯೆಯಿಂದ ಅವನು ಎಷ್ಟೋ ಊರುಗಳನ್ನು ಉಳಿಸಿದ್ದ. ಮನೆಯಲ್ಲಿ ಮಾತ್ರ ತಾಯಿಗೂ ಹೆಂಡತಿ ಜಕ್ಕಲೆಗೂ ದಿನಾ ಜಗಳ. ಒಂದು ಮಧ್ಯಾಹ್ನ ಊಟದ ನಡುವೆ ತಾಳ್ಮೆಗೆಟ್ಟು, ಎಂಜಲು ಕೈಯನ್ನೇ ಹೆಂಡತಿಯತ್ತ ಎತ್ತಿ ಮಂತ್ರ ಹೇಳಿಬಿಟ್ಟ. ಜಕ್ಕಲೆ ಅರ್ಧ ಮಾತಿನಲ್ಲೇ ಸುಮ್ಮನಾದಳು.

ಮನೆ ತಣ್ಣಗಾಯಿತು. ಮೊದಮೊದಲು ಅವನಿಗೂ ಹಾಯೆನಿಸಿತು. ಆದರೆ ಒಂದು ದಿನ ತಾಯಿ ಪಕ್ಕದ ಮನೆಯವಳಿಗೆ, "ನಮ್ಮ ಸೊಸೆ ಈಗ ದಾರಿಗೆ ಬಂದಿದ್ದಾಳೆ ಕಣವ್ವ, ಎದುರು ಮಾತೇ ಇಲ್ಲ" ಎಂದು ಹೆಮ್ಮೆಯಿಂದ ಹೇಳುತ್ತಿದ್ದಳು. ಅಲ್ಲೇ ಕುಳಿತಿದ್ದ ಜಕ್ಕಲೆ ತಲೆ ತಗ್ಗಿಸಿ ಅಕ್ಕಿ ಕೇರುತ್ತಲೇ ಇದ್ದಳು. ಕೇತಮಲ್ಲನಿಗೆ ಅವಳ ಮುಖ ನೋಡಲಾಗಲಿಲ್ಲ.

ಅವಳು ಹಿತ್ತಲಿಗೆ ಹೋದಾಗ ಹಿಂದೆಯೇ ಹೋದ.

"ತಪ್ಪಾಯ್ತು ಜಕ್ಕಲೆ. ನಾಚಿಕೆಗೇಡಿನ ಕೆಲಸ ಮಾಡಿದೆ. ಈಗ ಮಂತ್ರ ಬಿಚ್ಚಿದ್ದೀನಿ, ಬೇಕಾದಷ್ಟು ಬಯ್ಯಿ."

ಜಕ್ಕಲೆ ಸೆರಗಿಗೆ ಕೈ ಒರೆಸಿಕೊಂಡಳು.

"ಬಿಚ್ಚೋಕೆ ಏನಿತ್ತು? ಎಂಜಲು ಕೈಲಿ ಹೇಳಿದ ನಿಮ್ಮ ಮಂತ್ರ ನನಗೆ ತಗಲಲೇ ಇಲ್ಲ" ಎಂದಳು. "ಆ ಕೈ ನನ್ನ ಕಡೆ ಎದ್ದಿದ್ದು ನೋಡಿದೆನಲ್ಲ, ಆಮೇಲೆ ನನಗೇ ಮಾತು ಬೇಡ ಅನ್ನಿಸ್ತು."